ಹರ್ಷಿತಾ ಹೇಳಿದ ‘ಬೇಡ’

ಮಂಗಳವಾರ ಬಂತೆಂದರೆ ಗವಿಪುರದ ಆ ವಠಾರಕ್ಕೆಲ್ಲ ಗೊತ್ತಾಗುತ್ತಿತ್ತು. ಅಣ್ಣಮ್ಮ ಬಜೆ ತೇಯುತ್ತಿದ್ದಾಳೆ, ಮೊಮ್ಮಗಳು ಹರ್ಷಿತಾ ಕಿರುಚುತ್ತಿದ್ದಾಳೆ. ಮಗುವಿಗೆ ಆರು ತುಂಬಿದ್ದರೂ ಇನ್ನೂ ಒಂದು ಮಾತಿಲ್ಲ. ಬಜೆ ತೇಯ್ದು ಜೇನಿನ ಜೊತೆ ನಾಲಿಗೆಗೆ ಹಚ್ಚಿದರೆ ಮಾತು ಬರುತ್ತದೆ ಎಂದು ಅಣ್ಣಮ್ಮನ ತಾಯಿ ಹೇಳಿದ್ದರಂತೆ. ಹಚ್ಚಿ ಹಚ್ಚಿ ಬೆರಳ ಮೇಲೆ ಕಚ್ಚಿದ ಗುರುತಾಯಿತೇ ಹೊರತು ಮಾತು ಬರಲಿಲ್ಲ. ಅದೂ ಸಾಲದೆಂದು, ಹಚ್ಚಿದ ದಿನವೆಲ್ಲ ಮಗು ಅಜ್ಜಿಯ ಹತ್ತಿರ ಸುಳಿಯುತ್ತಿರಲಿಲ್ಲ. ಅಣ್ಣಮ್ಮನಿಗೆ ಹೆಚ್ಚು ನೋವಾಗುತ್ತಿದ್ದುದು ಅದಕ್ಕೇ.

ಇದರ ಮೇಲೆ ಸೊಸೆ ವಿನುತಾಳದು ಬೇರೆ ಕಾಟ. ಅವಳು ಮಗುವನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಿವಿ ಪರೀಕ್ಷೆ ಮಾಡಿಸಿದ್ದಳು. ಕಿವಿ ಚೆನ್ನಾಗಿಯೇ ಇತ್ತು. ಅಲ್ಲಿ ಮಾತಿನ ತರಬೇತಿ ಕೊಡುವ ನಂದಿತಾ ಎಂಬವರು ಮನೆಯ ಹಳೆಯ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟರು. ಲೋಟದ ಚಿತ್ರ ಒತ್ತಿದರೆ ಫೋನು ‘ನೀರು’ ಅನ್ನುತ್ತದೆ. ಫೋನೇ ಮಾತಾಡಿಬಿಟ್ಟರೆ ಈ ಹುಡುಗಿ ಯಾಕೆ ಬಾಯಿ ಬಿಡುತ್ತಾಳೆ ಎಂದು ಅಣ್ಣಮ್ಮ ರೇಗಿದಳು. ವಿನುತಾ ಎಷ್ಟು ಹೇಳಿದರೂ ಕೇಳಲಿಲ್ಲ. ಸೊಸೆ ಅತ್ತ ಕೆಲಸಕ್ಕೆ ಹೊರಟರೆ ಇತ್ತ ಫೋನು ದೇವರ ಗೂಡಿನ ಮೇಲೆ, ಮಗುವಿನ ಕೈಗೆಟುಕದ ಕಡೆ ಕೂರುತ್ತಿತ್ತು.

ಶಾಲೆ ಬಿಟ್ಟ ಮೇಲೆ ಹರ್ಷಿತಾ ಗಾಂಧಿ ಬಜಾರಿನಲ್ಲಿ ಅಜ್ಜಿಯ ಹೂವಿನ ಅಂಗಡಿಯಲ್ಲಿರುತ್ತಿದ್ದಳು. ಒಂದು ಸಂಜೆ ಬಾಯಾರಿ ಬಾಟಲಿಗೆ ಕೈ ಚಾಚಿದಳು. ಅಣ್ಣಮ್ಮ ಬಾಟಲಿ ಮೇಲೆತ್ತಿ, “ನೀರು ಅನ್ನು, ಕೊಡ್ತೀನಿ” ಎಂದಳು. ಮಗು ಬಾಟಲಿ ನೋಡಿತು, ಅಜ್ಜಿಯ ಮುಖ ನೋಡಿತು, ಕೊನೆಗೆ ಫುಟ್‌ಪಾತಿನ ಮೇಲೆ ಬಿದ್ದು ಹೊರಳಾಡಿತು. ಕನಕಾಂಬರದ ಬುಟ್ಟಿ ಮಗುಚಿತು. ಅದೇ ಹೊತ್ತಿಗೆ ಹೂವಿಗೆಂದು ಬಂದ ನಂದಿತಾ ಎಲ್ಲವನ್ನೂ ನೋಡುತ್ತ ನಿಂತಿದ್ದರು.

ಹಬ್ಬದ ಮುಂಚಿನ ದಿನ, ಜನವೋ ಜನ. ಹಿಂದೆ ನಿಂತಿದ್ದ ಹೆಂಗಸೊಬ್ಬಳು ಮಲ್ಲಿಗೆಯ ಕಡೆ ಕೈ ಮಾಡಿ ಎರಡು ಬೆರಳು ತೋರಿಸಿದಳು. ಅಷ್ಟು ಸಿಟ್ಟಿನಲ್ಲೂ ಅಣ್ಣಮ್ಮ ಎರಡು ಮೊಳ ಅಳೆದು ಕೊಟ್ಟಳು.

“ಅವರು ಬಾಯಿ ಬಿಟ್ಟು ಕೇಳಲೇ ಇಲ್ವಲ್ಲಮ್ಮ?” ಎಂದರು ನಂದಿತಾ.

“ಈ ಗಲಾಟೇಲಿ ಕೇಳಿದ್ರೂ ಎಲ್ಲಿ ಕೇಳ್ಸತ್ತೆ ಮೇಡಮ್ಮೋರೇ? ಬೆರಳು ತೋರ್ಸಿದ್ರು, ಕೊಟ್ಟೆ.”

“ಹಾಗೆ ಕೊಟ್ಟಿದ್ದಕ್ಕೆ ಅವರಿಗೆ ಮಾತು ಮರ್ತು ಹೋಯ್ತಾ?”

ಅಣ್ಣಮ್ಮ ಗೊಣಗುತ್ತಲೇ ಬಾಟಲಿಯ ಮುಚ್ಚಳ ತೆಗೆದು ಮಗುವಿಗೆ ಕುಡಿಸಿದಳು.

ನಂದಿತಾ ಅಲ್ಲೇ ಕೂತು, ಚೆಲ್ಲಿದ ಹೂವು ಆರಿಸುತ್ತ ವಿವರಿಸಿದರು. ಚಿತ್ರ ಒತ್ತಿದ್ದರಿಂದ ಯಾವ ಮಗುವಿನ ಮಾತೂ ನಿಂತುಹೋಗುವುದಿಲ್ಲ. ಎಷ್ಟೋ ಮಕ್ಕಳಿಗೆ ಅದರ ಜೊತೆಗೇ ಮಾತು ಬರುತ್ತದೆ. ಬಾರದ ಮಕ್ಕಳಿಗೆ ಅದೇ ಮಾತು. ಆದರೆ ಫೋನು ಸದಾ ಮಗುವಿನ ಕೈಗೆ ಸಿಗುವಂತಿರಬೇಕು. ಆ ಚಿತ್ರ ಎಲ್ಲಿ, ಈ ಚಿತ್ರ ಎಲ್ಲಿ ಎಂದು ಪರೀಕ್ಷೆ ಮಾಡಬಾರದು. ದೊಡ್ಡವರೇ ಚಿತ್ರ ಒತ್ತುತ್ತ ಮಾತಾಡಿದರೆ ಮಗು ನೋಡಿ ಕಲಿಯುತ್ತದೆ.

ಒಲ್ಲದ ಮನಸ್ಸಿನಿಂದಲೇ ಅಣ್ಣಮ್ಮ ಒಂದು ಬಟ್ಟೆಯ ಚೀಲ ಹೊಲಿದು, ಫೋನು ಹಾಕಿ, ಮಗುವಿನ ಹೆಗಲಿಗೆ ತಗುಲಿಸಿದಳು. ‘ಹೂವು’, ‘ಊಟ’, ‘ಬೇಡ’, ‘ಅಜ್ಜಿ’ ಎಂದು ತಾನೇ ಒತ್ತಿ ತೋರಿಸಿದಳು. ಹರ್ಷಿತಾ ಹಿಡಿದುಕೊಂಡದ್ದು ‘ಬಸ್ಸು’. ಬಸ್ಸು ಬಸ್ಸು ಬಸ್ಸು ಎಂದು ಫೋನು ಸಂಜೆಯಿಡೀ ಕೂಗಿ, ಪಕ್ಕದ ಅಂಗಡಿಯವರೂ ತಲೆ ಚಚ್ಚಿಕೊಂಡರು. ಇದಕ್ಕಿಂತ ಮೊದಲಿದ್ದದ್ದೇ ವಾಸಿ ಎನ್ನಿಸಿತು ಅಣ್ಣಮ್ಮನಿಗೆ.

ಫೋನಿಗೆ ಒಪ್ಪಿದಳೆಂದ ಮಾತ್ರಕ್ಕೆ ಬಜೆ ಬಿಡುವವಳೇ ಅಣ್ಣಮ್ಮ? ಮುಂದೊಂದು ಮಂಗಳವಾರ ಮತ್ತೆ ತೇಯ್ದು, ತೇಯುವ ಕಲ್ಲನ್ನು ಮಗುವಿನ ಮುಂದೆಯೇ ತಂದಿಟ್ಟು, ಬೆರಳಲ್ಲಿ ತೆಗೆದುಕೊಂಡಳು. ಮಗು ಈ ಸಲ ಕಿರುಚಲಿಲ್ಲ. ಚೀಲದಿಂದ ಫೋನು ತೆಗೆಯಿತು.

“ಬೇಡ” ಎಂದಿತು ಫೋನು.

ಅಣ್ಣಮ್ಮ ಬೆರಳು ಹಿಡಿದುಕೊಂಡು ಹಾಗೇ ನಿಂತಳು. ಮಗು ಬಜೆಯ ಕಲ್ಲನ್ನು ದೂರ ತಳ್ಳಿ ಮತ್ತೆ ಒತ್ತಿತು. “ಬೇಡ. ಅಜ್ಜಿ. ಬೇಡ.”

ಆರು ವರ್ಷ ಮೊಮ್ಮಗಳ ಒಂದು ಮಾತಿಗಾಗಿ ಕಾದವಳಿಗೆ ಸಿಕ್ಕಿದ್ದು ಬೈಗುಳ. “ಇಷ್ಟು ದಿನಾನೂ ಇದನ್ನೇ ಹೇಳ್ತಿದ್ಯೇನೇ, ನನ್ ಕಂದ?” ಎಂದು ಕಣ್ಣು ಒರೆಸಿಕೊಂಡಳು. ಕೈ ತೊಳೆದು ಬಂದು, ಫೋನು ಇಡುತ್ತಿದ್ದ ಆ ಗೂಡಿನ ಮೇಲೆ ಬಜೆಯ ಕಲ್ಲನ್ನು ಇಟ್ಟಳು. ಹರ್ಷಿತಾ ಅವತ್ತು ದೂರ ಓಡಲಿಲ್ಲ. ಅಜ್ಜಿಯ ಸೆರಗು ಹಿಡಿದುಕೊಂಡು ‘ಬಸ್ಸು’ ಒತ್ತಿದಳು. ಅಣ್ಣಮ್ಮ ಹಣೆ ಚಚ್ಚಿಕೊಂಡು ಅವಳನ್ನು ಬಸ್ಸು ತೋರಿಸಲು ಕರೆದುಕೊಂಡು ಹೋದಳು.

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಮಾತು ಬಾರದ ಮಗುವಿದೆಯೇ? ತಡವಾಗಿ ಬರುತ್ತದೆ ಬಿಡಿ ಎಂದು ಕಾಯಬೇಡಿ. ಕಿವಿ ಪರೀಕ್ಷೆ ಮಾಡಿಸಿ, ಮಾತಿನ ತರಬೇತಿ ಕೊಡುವವರನ್ನು ಕಾಣಿ. ಕೈಸನ್ನೆ, ಚಿತ್ರದ ಹಲಗೆ, ಮಾತಾಡುವ ಫೋನು, ಯಾವುದು ಹೊಂದುತ್ತದೋ ಕೇಳಿ ತಿಳಿಯಿರಿ. ಬಾಯಿ ಬಿಟ್ಟರೆ ಮಾತ್ರ ಕೊಡುತ್ತೇನೆಂದು ನೀರನ್ನೂ ಊಟವನ್ನೂ ತಡೆಯಬೇಡಿ. ಮಗು ಮೊದಲು ನಿಮ್ಮನ್ನೇ ಬೈಯಬಹುದು. ಬೈಯಲಿ, ಕೇಳಿಸಿಕೊಳ್ಳಿ.