ತಣ್ಣಗಿನ ಹಣೆಗಳು

ಬಟ್ಟೆ ಒಣಗಿಸುವ ಯಂತ್ರದ ಬಾಗಿಲು ತೆಗೆದೊಡನೆ ಬಿಸಿಗಾಳಿ ಮುಖಕ್ಕೆ ಬಡಿಯಿತು, ಜ್ವರ ಬಂದವರ ಉಸಿರಿನ ಹಾಗೇ ಇದೆಯಲ್ಲ ಎಂದುಕೊಂಡಳು ವರ್ಡೆಲ್ ಪಿಕನ್ಸ್, ಬೆಡ್‌ಶೀಟಿನ ಎರಡು ಮೂಲೆ ಹಿಡಿದು ಕೊಡವಿದಳು, ಆ ತುದಿ ಹಿಡಿಯಲು ಯಾರೂ ಇಲ್ಲ, ಜೈಲಿನ ಈ ಲಾಂಡ್ರಿಯಲ್ಲಿ ಮೊನ್ನೆ ಮೊನ್ನೆಯವರೆಗೂ ಆ ತುದಿಗೆ ಥಾಮಸೀನಾ ಇದ್ದಳು, ಪಕ್ಕದ ಮಂಚದವಳು, ಮಗಳ ವಯಸ್ಸಿನವಳು — ಇದು ಯಾವ ರೋಗಿಯ ಮೈಕೆಳಗಿದ್ದ ಶೀಟೋ, ಕೈಗವಸು ಕೊಡಿ ಸ್ವಾಮಿ ಎಂದರೆ ಕಾವಲಿನ ಹ್ಯಾಸ್ಕ್ಯೂ ನಕ್ಕಿದ್ದ, ಕೈಗವಸು ಹಾಕ್ಕೊಂಡು ರಾಣಿ ಹತ್ರ ಟೀ ಕುಡಿಯೋಕೆ ಹೋಗ್ತೀಯಾ ಪಿಕನ್ಸ್, ಸೋಪಿದೆಯಲ್ಲ ಸಾಕು — ಗಂಟಲು ಕೆರೆಯುತ್ತಿದೆಯೇ, ಇಲ್ಲ, ಬ್ಲೀಚಿನ ಘಾಟು, ಬ್ಲೀಚೇ ಇರಬೇಕು, ನನ್ನಂಥ ಸಕ್ಕರೆ ಕಾಯಿಲೆಯವರನ್ನು ಈ ಪಿಡುಗು ಮೊದಲು ಎಳೆದುಕೊಳ್ಳುತ್ತದಂತೆ, ಟೀವಿಯಲ್ಲಿ ಹೇಳಿದರು, ಆರಡಿ ದೂರ ಇರಿ ಎಂದೂ ಹೇಳಿದರು, ಮಂಚದಿಂದ ಕೈ ಚಾಚಿದರೆ ಇನ್ನೊಬ್ಬಳ ದಿಂಬು ಸಿಗುವ ನಮ್ಮ ಮಲಗುವ ಹಾಲ್‌ನಲ್ಲಿ ಆರಡಿ ಎಲ್ಲಿಂದ ತರುವುದು, ಹೆಂಗಸರೆಲ್ಲ ನಕ್ಕರು, ಆಮೇಲೆ ಯಾರೂ ನಗಲಿಲ್ಲ.

ದಿನಾ ಬೆಳಿಗ್ಗೆ ಜ್ವರ ನೋಡಲು ನರ್ಸಮ್ಮ ಬರುವ ಮೊದಲು ನಲ್ಲಿಯ ಹತ್ತಿರ ಸಾಲು, ಒದ್ದೆ ಬಟ್ಟೆ, ಜ್ಯೂಸಿನ ಬಕೆಟ್ಟಿನಿಂದ ಕದ್ದ ಐಸು, ಹಣೆಗೆ ಒತ್ತಿಕೊಂಡು ನಿಲ್ಲುವುದು, ಯಾಕೆಂದರೆ ಜ್ವರ ಬಂದವಳಿಗೆ ಆಸ್ಪತ್ರೆಯಿಲ್ಲ, ಗುಂಡಿ, ಹೊಡೆದಾಡಿದವರನ್ನು ಹಾಕುವ ಅದೇ ಒಂಟಿ ಕೋಣೆ, ಫೋನಿಲ್ಲ, ಸ್ನಾನವಿಲ್ಲ — ಅಲ್ಲಾಡಬೇಡ ಕಣೇ, ಇನ್ನೊಂಚೂರು ಒತ್ತಿ ಹಿಡೀತೀನಿ — ಮಿಸ್ ಡೆಲ್, ಮೀನಂಗಡೀಲಿ ಮಲಗಿಸಿದ ಹಾಗಿದೆ ನಂಗೆ, ತೂಕ ಹಾಕಿಬಿಡಿ — ಹಲ್ಲು ಕಟಕಟ ಎನ್ನುತ್ತಿದ್ದರೂ ಥಾಮಸೀನಾಳಿಗೆ ತಮಾಷೆ, ವರ್ಡೆಲ್ ಅವಳ ಬಾಯಲ್ಲಿ ಬರೀ ಡೆಲ್, ನರ್ಸಮ್ಮ ಪಿಸ್ತೂಲಿನಂಥ ಯಂತ್ರ ಹಣೆಗೆ ಹಿಡಿಯುತ್ತಾಳೆ, ತೊಂಬತ್ತೇಳು, ಮುಂದೆ, ತೊಂಬತ್ತಾರು, ಮುಂದೆ, ಎಲ್ಲರದೂ ತಣ್ಣಗಿನ ಹಣೆ, ನಾಲ್ಕನೆಯ ಬೆಳಿಗ್ಗೆ ಥಾಮಸೀನಾ ಗಂಜಿಯ ತಟ್ಟೆಯ ಮೇಲೇ ಬಿದ್ದಳು, ಕೊನೆಗೂ ಗುಂಡಿಗೇ ಒಯ್ದರು, ಮರುದಿನ ಶೀಟು ಕೊಡಲು ಹೋದಾಗ ಬಾಗಿಲಿನ ಊಟದ ಕಿಂಡಿಯಿಂದ ಎರಡು ಬೆರಳು ಹೊರಗೆ ಬಂದವು, ಉಗುರು ನೀಲಿ, ಮಿಸ್ ಡೆಲ್, ಉಸಿರು ಸಾಲ್ತಿಲ್ಲ, ಗಂಟೆ ಒತ್ತಿದ್ರೂ ಯಾರೂ ಬರಲ್ಲ.

ವಕೀಲೆ ಲಿಂಡ್‌ಕ್ವಿಸ್ಟ್ ಫೋನಿನಲ್ಲಿ ಹೇಳಿದ್ದು ಕಿವಿಯಿಂದ ಹೋಗುತ್ತಿಲ್ಲ, ನಿಮ್ಮೆಲ್ಲರ ಪರವಾಗಿ ಹಾಕಿರೋ ದಾವೆ ಇದು ವರ್ಡೆಲ್, ಮಾಸ್ಕು, ಸೋಪು, ಆಸ್ಪತ್ರೆ ಕೇಳ್ತಿದೀವಿ, ಆದ್ರೆ ಜೈಲಿನೋರು ಜ್ವರದ ಲೆಕ್ಕ ತೋರಿಸ್ತಿದಾರೆ, ನಿಮ್ಮ ಹಾಲಲ್ಲಿ ಒಬ್ಬರಿಗೂ ಜ್ವರ ಇಲ್ವಂತೆ, ಹಾಗಿದ್ರೆ ಅಪಾಯ ಎಲ್ಲಿ ಅಂತ ಜಡ್ಜು ಕೇಳ್ತಾರೆ, ಆ ಲೆಕ್ಕ ಹ್ಯಾಗೆ ಬಂತು ಅಂತ ಒಳಗಿನ ಒಬ್ಬರಾದ್ರೂ ಪ್ರಮಾಣ ಮಾಡಿ ಬರೀಬೇಕು — ಅಯ್ಯೋ ದೇವರೇ, ಗುಂಡಿಗೆ ಹೆದರಿ ನಾವೇ ಒತ್ತಿದ ಐಸು ನಮ್ಮ ಬಾಯನ್ನೇ ಕಟ್ಟಿಹಾಕಿತಲ್ಲ — ಬರೆದದ್ದಾಯಿತು, ಬೇರೆ ಯಾರ ಹೆಸರೂ ಇಲ್ಲ, ನಾನು ಒತ್ತಿದೆ, ನಾನು ನರ್ಸಿಗೆ ಮೋಸ ಮಾಡಿದೆ ಎಂದಷ್ಟೇ, ಅಷ್ಟು ಸಾಕು ಅಕ್ಟೋಬರಿನಲ್ಲಿ ಸಿಗಬೇಕಿದ್ದ ಪೆರೋಲ್ ಬಿಡುಗಡೆ ಕೈತಪ್ಪಲು, ತಂಗಿ ಅರ್ಲೀನ್ ನನಗೆಂದು ಹಿಂದಿನ ಕೋಣೆಗೆ ಬಣ್ಣ ಹೊಡೆಸಿದ್ದಾಳೆ, ಹಳದಿಯಂತೆ, ಕಾಗದ ಕಳಿಸಿದರೆ ಆ ಹಳದಿ ಹೋಯಿತು, ಗುಂಡಿ ಬಂತು, ಹಾಲಿನಲ್ಲಿ ಎದುರು ಮಂಚದ ಡಾರ್ನೆಟಾ ದಾರಿಗೆ ಅಡ್ಡ ನಿಂತಿದ್ದಳು, ನೀನು ಬಾಯಿಬಿಟ್ರೆ ನಾಳೆ ಐಸೂ ಇಲ್ಲ ಏನೂ ಇಲ್ಲ ಮುದುಕಿ, ನಮ್ಮನ್ನೆಲ್ಲ ಸಾಲಾಗಿ ಗುಂಡಿಗೆ ತುಂಬ್ತಾರೆ, ಅವಳು ಹೇಳಿದ್ದೂ ಸುಳ್ಳಲ್ಲ, ಅದಕ್ಕೇ ಕಾಗದ ಅಂಗಿಯೊಳಗೇ ಬೆವರುತ್ತ ಉಳಿಯಿತು, ನಾಳೆ, ನಾಳೆ, ಮತ್ತೆ ನಾಳೆ, ಇವತ್ತು ಗುಂಡಿಯ ಶೀಟು ಒಯ್ದಾಗ ಒಂದೇ ಬೆರಳು ಬಂತು, ಮಾತು ಬರಲಿಲ್ಲ.

ಮಡಿಸಿದ ಶೀಟು ಹಾಗೇ ಬಿಟ್ಟು ನಡೆದಳು, ಹ್ಯಾಸ್ಕ್ಯೂನ ಮೇಜಿನ ಮೇಲೆ ಕಾಗದದ ಲಕೋಟೆ ಇಟ್ಟಳು, ವಕೀಲರಿಗೆ ಹೋಗುವ ಕಾಗದವನ್ನು ಕಾವಲಿನವರ ಕಣ್ಣೆದುರಿಗೇ ಅಂಟಿಸಬೇಕು, ಅದು ನಿಯಮ, ಅವನು ಲಕೋಟೆ ನೋಡಿದ, ಅವಳನ್ನು ನೋಡಿದ, ಕೊನೆಗೂ ತಂದ್ಯಾ ಪಿಕನ್ಸ್, ಇಷ್ಟು ದಿನ ಎದೇಲಿಟ್ಕೊಂಡು ಓಡಾಡ್ತಿದ್ದೆ — ಇವನಿಗೆ ಗೊತ್ತು, ಇಷ್ಟು ದಿನವೂ ಗೊತ್ತಿತ್ತು, ಇನ್ಯಾರಿಗೆ ಗೊತ್ತು — ಅಂಟಿಸು ಮತ್ತೆ, ಎಂದ ಹ್ಯಾಸ್ಕ್ಯೂ, ಕಾಲುಚೀಲ ಕತ್ತರಿಸಿ ಹೊಲಿದ ಮಾಸ್ಕು ಕೆಳಗಿಳಿಸಿದಳು, ಅವನು ಕುರ್ಚಿ ಹಿಂದಕ್ಕೆಳೆದ, ನನ್ನ ಉಸಿರಿಗೆ ಇವನಿಗೂ ಭಯ, ಗೋಂದಿಗೆ ನಾಲಿಗೆ ತಾಗಿಸಿದಳು, ಒಣಗಿದ ನಾಲಿಗೆ, ಎಂಜಲೇ ಇಲ್ಲ, ಅಂಟಲಿಲ್ಲ, ಈಗಲೂ ವಾಪಸು ತಗೋಬಹುದು ಎಂದ ಅವನು, ಮೆಲ್ಲಗೆ, ಬೆದರಿಸಿದನೋ ಮರುಗಿದನೋ ತಿಳಿಯಲಿಲ್ಲ, ಕೆನ್ನೆ ಕಚ್ಚಿದಳು, ಬಾಯಿ ಒದ್ದೆಯಾಯಿತು, ಉಪ್ಪುಪ್ಪು, ಮತ್ತೊಮ್ಮೆ ನಾಲಿಗೆ ಎಳೆದು ಹೆಬ್ಬೆರಳಿನಿಂದ ಒತ್ತಿದಳು, ಅವನು ಮೊಹರು ಹಾಕಿ ಚೀಲಕ್ಕೆ ಎಸೆದ, ಟಪಾಲಿನವಳು ಚೀಲ ಹೆಗಲಿಗೇರಿಸಿದಳು, ಗೇಟು ತೆರೆಯಿತು, ಗೇಟು ಮುಚ್ಚಿತು, ಇನ್ನು ನನ್ನನ್ನು ಗುಂಡಿಗೆ ಯಾವಾಗ ಕರೆಯುತ್ತಾರೋ, ಈಗಲೋ, ಸಂಜೆಗೋ, ಕಾಗದ ಯಾವಾಗ ಮುಟ್ಟುತ್ತದೋ, ಅಷ್ಟರಲ್ಲಿ — ಕಿಂಡಿ, ಒಂದು ಬೆರಳು, ನೀಲಿ ಉಗುರು, ಕಿಂಡಿ, ಒಂದು ಬೆರಳು —