ತೋಳಬಂದಿಯಲ್ಲ, ಮೊಣಕೈ ಪಟ್ಟಿ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಬೇಸಿಗೆಯಲ್ಲಿ, ಗದಗಿನ ಒಂದು ಓಣಿಯಲ್ಲಿ ಪಾರವ್ವ ಎಂಬ ರಾಣಿ ಇದ್ದಳು. ಒಂದು ಒಲೆ, ಒಂದು ಹಂಚು, ರೊಟ್ಟಿ ಬಡಿಯುವ ಒಂದು ಬಲಗೈ: ಇಷ್ಟೇ ಅವಳ ರಾಜ್ಯ. ಆ ಕೈ ಕಾಯಲೆಂದೇ ಹುಟ್ಟಿದ್ದು ನಾನು.

ನಾನು ಒಂದು ಮೊಣಕೈ ಪಟ್ಟಿ. ಕರಿಬಟ್ಟೆ, ಒಳಗೊಂದು ಮೆತ್ತನೆ ದಿಂಬು, ತುದಿಗೆ ಚರ್ರನೆ ಬಿಚ್ಚುವ ಹಲ್ಲು. ಔಷಧಿ ಅಂಗಡಿಯ ಗಾಜಿನ ಹಿಂದೆ ಕೂತು, ಯಾವುದೋ ಬೆಚ್ಚನೆ ಕೈಯ ಕನಸು ಕಾಣುತ್ತಿದ್ದೆ.

ಪಾರವ್ವ ಅಂಗಡಿಗೆ ಬಂದಾಗ ಅವಳಿಗೆ ಚಹಾದ ಕಪ್ಪು ಎತ್ತಲೂ ಆಗುತ್ತಿರಲಿಲ್ಲ. ಡಾಕ್ಟರು ‘ಟೆನಿಸ್ ಎಲ್ಬೋ’ ಅಂದರೆ, “ನಾ ಎಂದ್ ಆಡೀನ್ರಿ ಟೆನಿಸ್ಸು?” ಎಂದು ಜಗಳವಾಡಿ ಬಂದಿದ್ದಳು. ಅವಳ ಚಿಂತೆ ಬೇರೆಯೇ ಇತ್ತು. ಮಗಳು ನೀಲಾ ಅಳುತ್ತ ಗಂಡನ ಮನೆಗೆ ಹೊರಟಾಗ ಪಾರವ್ವ ಮಾತು ಕೊಟ್ಟಿದ್ದಳು: “ಮೊದಲ ನಾಗರ ಪಂಚಮಿಗೆ ಬಾ ನನ್ನವ್ವ. ರೊಟ್ಟಿ ಹಬ್ಬಕ್ಕ ನಾ ಬಡದ ಕಡಕ್ ರೊಟ್ಟಿ ಓಣಿ ತುಂಬ ನೀನ ಹಂಚಂತಿ.”

ಆ ಮಾತಿಗೆ ಆಸರೆಯಾಗಲು ನಾನು ಸಿದ್ಧವಿದ್ದೆ. ಆದರೆ ಪಾರವ್ವ ನನ್ನನ್ನು ಕಟ್ಟಿದ್ದೆಲ್ಲಿ? ಮೊಣಕೈಗಿಂತ ಮೇಲೆ, ತೋಳಬಂದಿ ಕಟ್ಟುವ ಜಾಗದಲ್ಲಿ! ನಾನು ಕೆಳಕ್ಕೆ ಜಾರಿದಷ್ಟೂ ಎಳೆದೆಳೆದು ಮೇಲೆಯೇ ಬಿಗಿದಳು. ನೋವು ಹೋಗಲಿಲ್ಲ, ಬೈಗುಳ ಮಾತ್ರ ನನಗೆ ಬಂತು.

ಎದುರುಮನೆ ಕಾಶವ್ವ ಬಂದು ಕೈ ನೋಡಿದಳು. “ಈ ಚಿಂದಿ ಕಟ್ಕೊಂಡು ಏನ್ ಮೆರೀತಿ? ಒಂದ್ ಇಂಜೆಕ್ಷನ್ ಮಾಡಿಸ್ಕೊ. ನಮ್ಮ ಬೀಗರಿಗೆ ಎರಡ ದಿನದಾಗ ಆರಾಮಾತು.”

ಹಾಗೇ ಆಯಿತು. ಸೂಜಿ ಚುಚ್ಚಿಸಿಕೊಂಡ ವಾರದಲ್ಲೇ ಪಾರವ್ವ ತುಂಬಿದ ಕೊಡ ಎತ್ತಿದಳು. ನನ್ನನ್ನು ಬಿಚ್ಚಿ ಜೋಳದ ಹಿಟ್ಟಿನ ಚೀಲದ ಬಾಯಿಗೆ ಕಟ್ಟಿದಳು. ಬೆಚ್ಚನೆ ಕೈಯ ಕನಸು ಕಂಡಿದ್ದ ನಾನು ತಣ್ಣನೆ ಚೀಲದ ಕುತ್ತಿಗೆ ಹಿಡಿದು ನಿಂತೆ. ಅವಳು ನೋವಿಲ್ಲವೆಂದು ಮೊದಲಿನ ಎರಡರಷ್ಟು ರೊಟ್ಟಿ ಬಡಿದಳು. ಪಟಪಟ, ಪಟಪಟ. ಎರಡು ತಿಂಗಳಾದ ಮೇಲೆ ಒಂದು ಮುಂಜಾನೆ ಆ ಸಪ್ಪಳ ನಡುವೆಯೇ ನಿಂತಿತು. ನೋವು ಮರಳಿತ್ತು, ಮೊದಲಿಗಿಂತ ಜೋರಾಗಿ. ಸೂಜಿಯೂ ಕೈಕೊಟ್ಟಿತ್ತು. ಅತ್ತ ನೀಲಾ ಫೋನಿನಲ್ಲಿ, “ಹಸಿರು ಸೀರಿ ತಗೊಂಡೀನವ್ವ, ಅದನ್ನ ಉಟ್ಟು ಹಂಚ್ತೀನಿ” ಅನ್ನುತ್ತಿದ್ದಳು. ಪಂಚಮಿಗೆ ಎಂಟೇ ವಾರವಿತ್ತು.

ಆಗ ಎಂದಿನಂತೆ ರೊಟ್ಟಿ ಕೊಂಡೊಯ್ಯಲು ಬಂದ ಫಿಜಿಯೋಥೆರಪಿ ಮೇಡಂ ಶಬಾನಾ ನನ್ನನ್ನು ನೋಡಿ ನಕ್ಕುಬಿಟ್ಟರು. “ಪಾರವ್ವಾರ, ನೋವು ಚೀಲಕ್ಕೈತೋ, ನಿಮಗೈತೋ?”

ಅವರು ನನ್ನ ಹಿಟ್ಟು ಝಾಡಿಸಿ, ಮೊಣಕೈಯಿಂದ ಎರಡು ಬೆರಳು ಕೆಳಗೆ ಕಟ್ಟಿದರು. ಅದೇ ನನ್ನ ಜಾಗ! “ಇದು ಭಾರ ಹಂಚಿಕೊಳ್ತೈತ್ರಿ, ಅಷ್ಟ. ಗುಣ ಆಗಬೇಕಂದ್ರ ನೀರಿನ ಬಾಟ್ಲಿ ಹಿಡದು ದಿನಾ ಮಣಿಕಟ್ಟು ಸಾವಕಾಶ ಇಳಸ್ರಿ. ಸದ್ಯಕ್ಕ ರೊಟ್ಟಿ ಅರ್ಧಾ ಬಡೀರಿ.”

ಬಾಟಲಿ ಏರಿತು, ಇಳಿಯಿತು. ವಾರಗಟ್ಟಲೆ ಏನೂ ಆಗಲಿಲ್ಲ. ಆಮೇಲೆ ಒಂದು ದಿನ ಚಹಾದ ಕಪ್ಪು ತಾನಾಗಿ ಎದ್ದಂತೆ ಎದ್ದಿತು.

ಪಂಚಮಿಯ ಮುನ್ನಾದಿನ, ರೊಟ್ಟಿ ಹಬ್ಬದಂದು, ನಾನು ಅವಳ ಕೈಯಲ್ಲೇ ಇದ್ದೆ, ಮೈಯೆಲ್ಲ ಹಿಟ್ಟು ಮೆತ್ತಿಕೊಂಡು. ಹಸಿರು ಸೀರೆಯ ನೀಲಾ ತಾಟು ಹಿಡಿದು ಕಾದಿದ್ದಳು. ಬಾಗಿಲಲ್ಲಿ ಕಾಶವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ನೋಡ್ದ್ಯಾ? ನಾ ಹೇಳಿದ ಇಂಜೆಕ್ಷನ್ನ ಕೆಲಸಾ ಮಾಡ್ತು!”

ಪಾರವ್ವ ನನ್ನತ್ತ ಒಮ್ಮೆ ನೋಡಿದಳು. ಆಮೇಲೆ ನಕ್ಕಳು. “ಹೂಂ ಯಕ್ಕಾ, ಎಲ್ಲಾ ನಿನ್ನ ಪುಣ್ಯಾ.”

ಚರ್ರನೆ ಬಿಚ್ಚಿಕೊಂಡು ಬಿದ್ದುಬಿಡಲೇ ಅನ್ನಿಸಿತು. ಆದರೆ ಇನ್ನೂ ಒಂದು ರೊಟ್ಟಿ ಬಾಕಿಯಿತ್ತು. ಹಲ್ಲು ಕಚ್ಚಿ ಹಿಡಿದೆ. ಪಟಪಟ, ಪಟಪಟ. ಕೊನೆಯ ರೊಟ್ಟಿ ಹಂಚಿಗೆ ಬಿತ್ತು, ಗರಿಗರಿಯಾಯಿತು, ತಾಟು ಸೇರಿತು.

ನೀಲಾ ಹಂಚಲು ಹೊರಟಳು. ಮೊದಲ ಮನೆ ಕಾಶವ್ವನದು.