ಹದಿನೇಳನೇ ನಂಬರಿನ ಛತ್ರಿ

ನನ್ನನ್ನು ಯಾರೂ ಕಂಕುಳಲ್ಲಿ ಇಟ್ಟುಕೊಂಡು ಪೇಟೆಗೆ ಹೋದವರಿಲ್ಲ. ನಾನು ಅಂಗಳದಲ್ಲಿ ಊರಿ ನಿಲ್ಲಿಸುವ, ಹನ್ನೆರಡು ಅಡಿ ಅಗಲದ ದೊಡ್ಡ ಛತ್ರಿ. ನನ್ನ ಕೆಳಗೆ ಮೇಜು ಹಾಕಿ ಆರು ಜನಕ್ಕೆ ಊಟ ಬಡಿಸಬಹುದು. ನನ್ನ ದಪ್ಪ ಕ್ಯಾನ್ವಾಸು ತೋಳಿನಿಂದ ನೂಕಿದರೆ ಬಿಚ್ಚುವಂಥದ್ದಲ್ಲ. ಅದಕ್ಕೆಂದೇ ನನ್ನ ಸೊಂಟದಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಇದೆ. ಅದರ ಹಿಡಿಕೆ ತಿರುಗಿಸಿದರೆ ಒಳಗಿನ ಗಾಲಿಗೆ ಉಕ್ಕಿನ ಹಗ್ಗ ಸುತ್ತಿಕೊಳ್ಳುತ್ತದೆ, ಹಗ್ಗ ಕಡ್ಡಿಗಳನ್ನು ಮೇಲಕ್ಕೆ ಎಳೆಯುತ್ತದೆ, ನಾನು ನಿಧಾನವಾಗಿ ಅರಳುತ್ತೇನೆ. ಪೂರ್ತಿ ಅರಳಿದ ಮೇಲೂ ತಿರುಗಿಸುತ್ತ ಹೋದರೆ ನನ್ನ ಕತ್ತು ಬಾಗುತ್ತದೆ. ಬಿಸಿಲು ಎತ್ತ ಸರಿದರೆ ಅತ್ತ ವಾಲಿ ನೆರಳು ಕೊಡುತ್ತೇನೆ.

ನಾನು ಹುಟ್ಟಿದ್ದು ಬೆಳಗಾವಿಯಲ್ಲಿ, ತಗಡಿನ ಮಾಡಿನ ಒಂದು ಚಿಕ್ಕ ಕಾರ್ಖಾನೆಯಲ್ಲಿ. ನಮ್ಮ ಪೆಟ್ಟಿಗೆಗಳನ್ನು ಜೋಡಿಸುತ್ತಿದ್ದವನು ಮೌನೇಶ ಪತ್ತಾರ. ನಲವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ನನ್ನ ಒಳಗಿನ ಉಪಾಯವೆಲ್ಲ ಅವನದೇ. ಹಿಡಿಕೆಯಿಂದ ಕೈ ತೆಗೆದ ಕೂಡಲೇ ಕ್ಯಾನ್ವಾಸಿನ ಭಾರಕ್ಕೆ ಹಗ್ಗ ಹಿಂದಕ್ಕೆ ಓಡಬಾರದಲ್ಲ, ಅದಕ್ಕೆ ಅವನು ಹಲ್ಲುಗಾಲಿಯ ಮೇಲೆ ಉಕ್ಕಿನ ಒಂದು ನಾಲಗೆ ಕೂರಿಸಿದ್ದ. ಗಾಲಿ ಮುಂದಕ್ಕೆ ತಿರುಗುವಾಗ ನಾಲಗೆ ಟಕಟಕ ಎಂದು ಹಲ್ಲು ದಾಟುತ್ತದೆ. ಗಾಲಿ ಹಿಂದಕ್ಕೆ ಬಂದರೆ ಹಲ್ಲಿಗೆ ಕಚ್ಚಿಕೊಂಡು ತಡೆಯುತ್ತದೆ. ಮುಚ್ಚುವಾಗ ಮಾತ್ರ ಪೆಟ್ಟಿಗೆಯ ಪಕ್ಕದ ಗುಂಡಿ ಒತ್ತಿ ಅದನ್ನು ಎತ್ತಬೇಕು. ಆ ನಾಲಗೆ ನಿಂತಿರುವುದು ಕಿರುಬೆರಳಿನಷ್ಟು ಉದ್ದದ ಒಂದು ಪಿನ್ನಿನ ಮೇಲೆ.

ನಲವತ್ತು ಛತ್ರಿಗಳು ಲಾರಿ ಹತ್ತಬೇಕಾದ ವಾರ ಕಾರ್ಖಾನೆಯ ಭಟ್ಟಿ ಕೆಟ್ಟಿತು. ಪಿನ್ನುಗಳನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವ ಕೆಲಸ ಹಾಗೇ ಉಳಿಯಿತು. ಮೌನೇಶ ಒಂದು ಪಿನ್ನು ತೆಗೆದುಕೊಂಡು ಲೋಹ ಉಜ್ಜುವ ಅರ ಹಾಕಿ ನೋಡಿದ. ಗಟ್ಟಿಯಾದ ಉಕ್ಕಿನ ಮೇಲೆ ಅರ ಜಾರಬೇಕು. ಇಲ್ಲಿ ಅದು ಕಚ್ಚಿತು. ಪುಡಿ ಉದುರಿತು.

"ಸಾಹುಕಾರ್ರ, ಪಿನ್ನು ಮೆತ್ತಗ ಅದಾವ್ರಿ. ಮೂರು ದಿನ ತಡೀರಿ, ಭಟ್ಟಿ ರಿಪೇರಿ ಆಗ್ಲಿ," ಎಂದ.

ಮಾಲೀಕ ನಕ್ಕುಬಿಟ್ಟ. "ನಾವು ವಿಮಾನ ಮಾಡಾಕತ್ತೇವೇನೋ ಮೌನೇಶ? ಛತ್ರಿ ಅದು. ಕಟ್ಟಿ ಕಳಸು."

ಮೌನೇಶ ಪಿನ್ನನ್ನು ಅಂಗೈಯಲ್ಲಿ ಒಮ್ಮೆ ಹೊರಳಿಸಿದ. ಆಮೇಲೆ ಅದನ್ನೇ ನನ್ನ ಪೆಟ್ಟಿಗೆಗೆ ತೂರಿಸಿ ಮುಚ್ಚಳ ಬಿಗಿದ. ಮುಚ್ಚಳದ ಮೇಲೆ ಸುತ್ತಿಗೆ ಏಟಿನಿಂದ ಹದಿನೇಳು ಎಂದು ನಂಬರು ಒತ್ತಿದ. ಅವನು ಎರಡನೇ ಸಲ ಬೇಡ ಎನ್ನಲಿಲ್ಲ. ಮುಂದೆ ಅವನನ್ನು ವರ್ಷಗಟ್ಟಲೆ ಕಾಡಿದ್ದು ಅದೇ.

ನಮ್ಮಲ್ಲಿ ಹನ್ನೆರಡು ಛತ್ರಿಗಳು ಘಟ್ಟ ಇಳಿದು ಕಾರವಾರಕ್ಕೆ ಬಂದವು. ಕಡಲ ದಂಡೆಯ ಒಂದು ಹೊಸ ಹೋಟೆಲಿನ ಅಂಗಳದಲ್ಲಿ ಸಾಲಾಗಿ ನಿಂತೆವು. ದಿನಾ ಬೆಳಿಗ್ಗೆ ನಮ್ಮನ್ನು ಬಿಚ್ಚುವುದು, ಹೊತ್ತು ಏರಿದಂತೆ ಬಾಗಿಸುವುದು, ಸಂಜೆ ಮುಚ್ಚಿ ಹಗ್ಗ ಕಟ್ಟುವುದು ಭಾಗೀರಥಿ ಹರಿಕಾಂತ್ರಳ ಕೆಲಸ. ಮೂವತ್ತೈದರ ಆಸುಪಾಸಿನ, ಗಟ್ಟಿಮುಟ್ಟಾದ ಹೆಂಗಸು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಅಣ್ಣನ ಮನೆಯ ಪಕ್ಕದಲ್ಲೇ ಒಂದು ಕೋಣೆ ಹಾಕಿಕೊಂಡು ಒಬ್ಬಳೇ ಇದ್ದಳು. ಹೋಟೆಲಿಗೆ ಬರುವ ಮೊದಲು ಮೀನು ಮಾರುತ್ತಿದ್ದವಳು, ಹುಟ್ಟಿದಂದಿನಿಂದ ಗಾಳಿಯ ಜೊತೆ ಬೆಳೆದವಳು. ಮೂಗು ಎತ್ತಿ ಒಮ್ಮೆ ಉಸಿರೆಳೆದರೆ ಸಾಕು, ಮಧ್ಯಾಹ್ನದ ಗಾಳಿ ಯಾವ ಕಡೆಯಿಂದ ಬರುತ್ತದೆಂದು ಹೇಳುತ್ತಿದ್ದಳು. ಹಿಡಿಕೆ ತಿರುಗಿಸುವಾಗ ಅವಳು ಬಾಯಲ್ಲೇ ಎಣಿಸುತ್ತಿದ್ದಳು. ನಾನು ಅರಳಲು ಇಪ್ಪತ್ತಾರು ಸುತ್ತು, ಬಾಗಲು ಒಂಬತ್ತು. ಬಂದ ಅತಿಥಿಗಳು ನನ್ನ ನೆರಳಿನಲ್ಲಿ ಕೂತು ಸಮುದ್ರ ನೋಡುತ್ತಿದ್ದರು. ಅವಳನ್ನು ಯಾರೂ ನೋಡುತ್ತಿರಲಿಲ್ಲ.

ಎರಡು ವರ್ಷ ಹೀಗೇ ಕಳೆಯಿತು. ನನ್ನೊಳಗಿನ ಪಿನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಾಗುತ್ತಿತ್ತು. ನನಗೆ ಅದು ತಿಳಿಯುತ್ತಿತ್ತು. ಹೇಳಲು ಬಾಯಿರಲಿಲ್ಲ.

ಅದು ಮೇ ತಿಂಗಳ ಕೊನೆಯ ಒಂದು ಮಧ್ಯಾಹ್ನ. ಕಡಲಿನ ಮೇಲೆ ಕಪ್ಪು ಗೆರೆ ಎದ್ದಿತು. ಭಾಗೀರಥಿ ಅದನ್ನು ಎಲ್ಲರಿಗಿಂತ ಮೊದಲೇ ನೋಡಿ, ಊಟಕ್ಕೆ ಕೂತವರನ್ನು ಒಳಗೆ ಕಳಿಸಿ, ಒಂದೊಂದೇ ಛತ್ರಿ ಮುಚ್ಚುತ್ತ ಬಂದಳು. ನನ್ನ ಹತ್ತಿರ ಬರುವ ಹೊತ್ತಿಗೆ ಮೊದಲ ಗಾಳಿ ಬಂದು ನನ್ನ ಬಾಗಿದ ಬಟ್ಟೆಯ ಮೇಲೆ ಬಿತ್ತು. ಹಿಡಿಕೆಯ ಮೇಲೆ ಅವಳ ಬಲಗೈ ಇತ್ತು. ನನ್ನೊಳಗೆ ಪಿನ್ನು ಮುರಿಯಿತು. ನಾಲಗೆ ಜಾರಿತು. ಹಗ್ಗ ಒಮ್ಮೆಲೇ ಬಿಚ್ಚಿಕೊಂಡು ಹಿಡಿಕೆ ಗರಗರನೆ ಹಿಂದಕ್ಕೆ ತಿರುಗಿತು. ಅವಳ ಕೈ ಹಿಡಿಕೆಗೂ ಪೆಟ್ಟಿಗೆಗೂ ನಡುವೆ ಸಿಕ್ಕಿತು.

ಅವಳು ಕೂಗಲಿಲ್ಲ. "ಆಯ್ತು, ಆಯ್ತು," ಎಂದಳು ಅಷ್ಟೇ, ಯಾರನ್ನೋ ಸಮಾಧಾನ ಮಾಡುವವಳ ಹಾಗೆ. ಆಮೇಲೆ ಮರಳಿನ ಮೇಲೆ ಕೂತುಬಿಟ್ಟಳು.

ಎರಡು ಬೆರಳು ಹೋದವು. ಮಣಿಕಟ್ಟು ಕೂಡಿತು, ಆದರೆ ಅದರಲ್ಲಿ ಮೊದಲಿನ ಕಸುವು ಉಳಿಯಲಿಲ್ಲ. ಹೋಟೆಲಿನವರು ಅವಳ ಜಾಗಕ್ಕೆ ಬೇರೆಯವರನ್ನು ತಂದರು. ನನ್ನನ್ನು ಅಡುಗೆಮನೆಯ ಹಿಂದೆ ಖಾಲಿ ಡಬ್ಬಗಳ ಪಕ್ಕ ಒರಗಿಸಿದರು.

ಸುದ್ದಿ ಬೆಳಗಾವಿಗೆ ಮುಟ್ಟಿದ್ದು ಲಾರಿ ಡ್ರೈವರನ ಬಾಯಿಂದ. ಕೇಳಿದ ಮೂರನೇ ದಿನ ಮೌನೇಶ ಕೈಚೀಲದಲ್ಲಿ ಸಾಮಾನು ತುಂಬಿಕೊಂಡು ಬಸ್ಸು ಹತ್ತಿ ಬಂದ. ಮೊದಲು ನನ್ನ ಹತ್ತಿರ ಬಂದು ಮುಚ್ಚಳ ಬಿಚ್ಚಿದ. ಮುರಿದ ಪಿನ್ನಿನ ಎರಡು ತುಂಡುಗಳನ್ನು ಹೊರತೆಗೆದು ಕರವಸ್ತ್ರದಲ್ಲಿ ಕಟ್ಟಿಕೊಂಡ. ಮುಖದಲ್ಲಿ ಆಶ್ಚರ್ಯವಿರಲಿಲ್ಲ.

ಉಳಿದ ಹನ್ನೊಂದು ಛತ್ರಿಗಳ ಪಿನ್ನು ಬದಲಾಯಿಸಲು ಹೋಟೆಲಿನವರು ಒಪ್ಪಿದರು. ಎರಡು ದಿನ ಅದೇ ಕೆಲಸ. ಅವನು ಬಂದಿರುವ ಸುದ್ದಿ ಕೇಳಿ ಎರಡನೇ ದಿನ ಭಾಗೀರಥಿಯೇ ಅಲ್ಲಿಗೆ ಬಂದಳು. ಕೈಗೆ ಇನ್ನೂ ಬಿಳಿ ಪಟ್ಟಿ ಇತ್ತು. ಮೌನೇಶ ಎದ್ದು ನಿಂತ. ಕರವಸ್ತ್ರ ಬಿಚ್ಚಿ ತುಂಡುಗಳನ್ನು ತೋರಿಸಿದ.

"ಇದಾ?" ಎಂದಳು.

"ಇದೇ ರೀ. ಮೆತ್ತಗ ಐತಿ ಅಂತ ನನಗ ಗೊತ್ತಿತ್ತು. ಗೊತ್ತಿದ್ದೂ ಹಾಕೀನಿ." ಅವನು ತಲೆ ತಗ್ಗಿಸಿದ. "ನೀವು ಏನಂದ್ರೂ ಕೇಳ್ತೀನಿ ತಾಯಿ."

ಭಾಗೀರಥಿ ತುಂಡುಗಳನ್ನು ಎಡಗೈಯಲ್ಲಿ ಎತ್ತಿ ನೋಡಿದಳು. "ಎಷ್ಟು ಛತ್ರಿ ಮಾಡಿದ್ರಿ ಇಂಥದ್ದು?"

"ನಲವತ್ತು ರೀ."

"ನಲವತ್ತಕ್ಕೂ ಇದೇ ಪಿನ್ನಾ?"

"ಹೌದ್ರಿ."

"ಇಲ್ಲಿ ಹನ್ನೆರಡು. ಉಳಿದದ್ದು?"

"ಗೋವಾ, ಕೊಲ್ಲಾಪುರ, ಧಾರವಾಡ, ಹೊಸಪೇಟೆ... ಎಲ್ಲಾ ಕಡೆ ಹೋಗ್ಯಾವ್ರಿ."

"ಹಂಗಾರೆ ಇಲ್ಲಿ ನನ್ನ ಎದುರು ನಿಂತು ಅಳೂದು ಯಾಕೆ?" ಅವಳ ದನಿ ಏರಿತು. "ನನ್ನ ಬೆರಳು ಇನ್ ಬರೂದಿಲ್ಲ. ಅಲ್ಲೆಲ್ಲಾ ನನ್ನ ಹಂಗೆ ಒಬ್ಬಳು ದಿನಾ ಬೆಳಿಗ್ಗೆ ಹಿಡಿಕೆ ತಿರುಗಿಸ್ತಾ ಇರ್ತಾಳೆ. ಅವಳ ಕೈ ಇನ್ನೂ ಇದೆ. ಹೋಗಿ. ಹೋಗಿ ನೋಡಿ."

ಮೌನೇಶ ಕಣ್ಣು ಒರೆಸಿಕೊಂಡ. "ಹೋಗ್ತೀನ್ರಿ," ಎಂದ.

ಭಾಗೀರಥಿ ನನ್ನ ಕಡೆ ತಿರುಗಿದಳು. ನನ್ನನ್ನು ಗುಜರಿಗೆ ಹಾಕುತ್ತಾರಂತೆ ಎಂದು ಅವಳಿಗೆ ಯಾರೋ ಹೇಳಿದ್ದರು. "ಇದನ್ನ ನಂಗೆ ಸಮಾ ಮಾಡಿ ಕೊಡಿ. ನಾ ಮತ್ತೆ ಮೀನು ಮಾರೂಕೆ ಕೂತ್ಕಳ್ತೆ. ಬಿಸಿಲಿಗೆ ಮೀನು ತಡೆಯೂದಿಲ್ಲ."

"ಇದನ್ನೇನ್ರಿ?" ಮೌನೇಶ ಬೆಚ್ಚಿದ. "ಬ್ಯಾರೆ ಹೊಸಾದು ಮಾಡಿ ಕೊಡ್ತೀನಿ."

"ಬೇಡ. ಕೈ ತಿಂದದ್ದು ಇದು. ಇದೇ ದುಡೀಲಿ."

ಅವನು ನನಗೆ ಒಂದಲ್ಲ, ಎರಡು ನಾಲಗೆ ಕೂರಿಸಿದ. ಒಂದು ಜಾರಿದರೂ ಇನ್ನೊಂದು ಹಿಡಿಯಬೇಕು. ಹಿಡಿಕೆಯನ್ನು ಎಡಗೈಗೆ ಹೊಂದುವಂತೆ ಆಚೆ ಬದಿಗೆ ತಿರುಗಿಸಿದ, ಅದರ ಸುತ್ತ ದಪ್ಪ ತಗಡಿನ ಕಾವಲು ಹಾಕಿದ. ಹೊಸ ಪಿನ್ನಿನ ಮೇಲೆ ಭಾಗೀರಥಿಯ ಎದುರಿಗೇ ಅರ ಎಳೆದು ತೋರಿಸಿದ. ಅರ ಗಾಜಿನ ಮೇಲೆ ಜಾರಿದ ಹಾಗೆ ಜಾರಿತು.

ಹೀಗೆ ನಾನು ಮೀನುಪೇಟೆಯ ಬಯಲಿಗೆ ಬಂದೆ. ಮೊದಲ ಬೆಳಿಗ್ಗೆ ಭಾಗೀರಥಿ ಹಿಡಿಕೆಯ ಹತ್ತಿರ ಕೈ ತಂದಳು, ಹಿಂದಕ್ಕೆ ಎಳೆದುಕೊಂಡಳು. ಮತ್ತೆ ತಂದಳು, ಮತ್ತೆ ಎಳೆದುಕೊಂಡಳು. ಸುತ್ತಲಿನ ಹೆಂಗಸರು ಬುಟ್ಟಿ ಇಳಿಸಿ ನೋಡುತ್ತ ನಿಂತರು, ಯಾರೂ ನೆರವಿಗೆ ಬರುತ್ತೇನೆ ಎನ್ನಲಿಲ್ಲ. ಅವಳು ಒಪ್ಪುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಕೊನೆಗೆ ಅವಳು ಕಣ್ಣು ಮುಚ್ಚಿ ಹಿಡಿಕೆ ಹಿಡಿದಳು. ಒಂದು ಸುತ್ತು, ಎರಡು ಸುತ್ತು. ಇಪ್ಪತ್ತಾರಕ್ಕೆ ಬಂದಾಗ ಕಣ್ಣು ತೆರೆದು ಮೇಲೆ ನೋಡಿದಳು. ಹಿಡಿಕೆಯಿಂದ ಕೈ ತೆಗೆದಳು. ನಾನು ಹಿಡಿದು ನಿಂತಿದ್ದೆ.

ಕಾಲಲ್ಲಿ ಮೆಟ್ಟಿ ಹಿಡಿಯುವ ಮೆಟ್ಟುಗತ್ತಿಯಲ್ಲಿ ಎಡಗೈಯಿಂದ ಮೀನು ಕೊಯ್ಯಲು ಅವಳಿಗೆ ಒಂದು ಮಳೆಗಾಲ ಪೂರ್ತಿ ಬೇಕಾಯಿತು. ಮೊದಮೊದಲು ಬಂಗಡೆ ಜಾರಿ ಮಣ್ಣಿಗೆ ಬೀಳುತ್ತಿತ್ತು, ಗಿರಾಕಿಗಳು ಪಕ್ಕದವರ ಹತ್ತಿರ ಸರಿಯುತ್ತಿದ್ದರು. ಅವಳು ಬಾಯಿ ಬಿಗಿಹಿಡಿದು ಮತ್ತೆ ಎತ್ತಿಕೊಳ್ಳುತ್ತಿದ್ದಳು. ಮುಂದಿನ ಬೇಸಿಗೆಗೆ, ಹೊತ್ತು ನೆತ್ತಿಗೇರಿದಾಗ ಪೇಟೆಯಲ್ಲಿ ಮೀನು ತಾಜಾ ಉಳಿಯುತ್ತಿದ್ದ ಜಾಗ ನನ್ನ ನೆರಳೊಂದೇ. ಅವಳು ಅಕ್ಕಪಕ್ಕದ ಮೂವರ ಬುಟ್ಟಿಗಳನ್ನೂ ಅದರೊಳಗೆ ಎಳೆದುಕೊಳ್ಳುತ್ತಿದ್ದಳು.

ಮೌನೇಶ ಕಾರ್ಖಾನೆ ಬಿಟ್ಟಿದ್ದ. ಸ್ವಂತ ಲೇತ್ ಹಾಕಿಕೊಂಡು, ಬಿಡುವು ಸಿಕ್ಕಾಗಲೆಲ್ಲ ಜೇಬಿನಲ್ಲಿ ಪಿನ್ನುಗಳನ್ನಿಟ್ಟುಕೊಂಡು ಛತ್ರಿಗಳನ್ನು ಹುಡುಕುತ್ತ ಅಲೆಯುತ್ತಿದ್ದ. ವರ್ಷಕ್ಕೆ ಎರಡು ಸಲ ನನ್ನ ಪೆಟ್ಟಿಗೆಗೆ ಗ್ರೀಸು ಹಾಕಲು ಕಾರವಾರಕ್ಕೆ ಬಂದು, ಭಾಗೀರಥಿಯ ಎದುರು ಮಣೆ ಹಾಕಿ ಕೂರುತ್ತಿದ್ದ. ಅವನು ಮೀನು ತಿನ್ನುವವನಲ್ಲ. ಅವಳು ಅವನಿಗೆಂದು ಮುರುಗಲು ಹಣ್ಣಿನ ಪಾನಕ ತಂದಿಡುತ್ತಿದ್ದಳು. ಅವರ ನಡುವಿನ ಮಾತು ಯಾವಾಗಲೂ ಒಂದೇ ರೀತಿ ಶುರುವಾಗುತ್ತಿತ್ತು.

"ಎಷ್ಟಾಯ್ತು?"

"ಇಪ್ಪತ್ತಾರು ರೀ."

ಮುಂದಿನ ಸಲ ಮೂವತ್ತೊಂದು. ಅದರ ಮುಂದಿನ ಸಲ ಮೂವತ್ತಾರು. ಕೆಲವರು ಅವನನ್ನು ಗೇಟಿನಿಂದಲೇ ಓಡಿಸಿದ್ದರು. ಕೊಲ್ಲಾಪುರದ ಒಂದು ಮದುವೆ ಛತ್ರದವರು ಅವನನ್ನು ಕಳ್ಳನೆಂದು ಹಿಡಿದು ಕೂರಿಸಿದ್ದರು. ಇನ್ನೊಂದು ಕಡೆ ಬಾಗಿಹೋದ ಪಿನ್ನು ಅವನ ಕೈಯಲ್ಲೇ ಮುರಿಯಿತಂತೆ. "ಇನ್ನೊಂದು ವಾರ ತಡಾ ಆಗಿದ್ರ..." ಎಂದು ನಿಲ್ಲಿಸಿದ. ಭಾಗೀರಥಿ ಪಾನಕದ ಲೋಟವನ್ನು ಅವನ ಹತ್ತಿರಕ್ಕೆ ಸರಿಸಿದಳು.

ಐದನೇ ವರ್ಷದ ಹೊತ್ತಿಗೆ ಮೂವತ್ತೊಂಬತ್ತಾಯಿತು. ಉಳಿದದ್ದು ಮೂವತ್ತಮೂರನೇ ನಂಬರು. ಅದು ಕೈಯಿಂದ ಕೈಗೆ ದಾಟಿ ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಿರಲಿಲ್ಲ. ಮೌನೇಶ ಎರಡು ವರ್ಷ ಹುಡುಕಿದ. ಅವನ ಕೂದಲು ಬೆಳ್ಳಗಾಗಿತ್ತು, ನಡಿಗೆ ನಿಧಾನವಾಗಿತ್ತು. "ಸಾಕು ಮಾರಾಯ್ರೇ," ಎಂದು ಭಾಗೀರಥಿಯೇ ಒಮ್ಮೆ ಹೇಳಿದಳು. ಅವನು ತಲೆಯಾಡಿಸಿದ, ಮತ್ತೆ ಹೋದ.

ಒಂದು ಫೆಬ್ರವರಿಯಲ್ಲಿ ಅವನು ಹೇಳದೆ ಕೇಳದೆ ಬಂದ. ಗ್ರೀಸಿನ ಡಬ್ಬಿಯೂ ತಂದಿರಲಿಲ್ಲ. ಬಂದವನೇ ಮಣೆಯ ಮೇಲೆ ಕುಸಿದು ಕೂತ.

"ಸಿಕ್ತಾ?" ಭಾಗೀರಥಿ ಕತ್ತಿ ಬದಿಗಿಟ್ಟಳು. "ಯಾರಿಗಾದ್ರೂ ಏನಾದ್ರೂ..."

"ಇಲ್ರಿ, ಇಲ್ಲ. ಯಾರಿಗೂ ಏನೂ ಆಗಿಲ್ಲ." ಅವನು ಉಸಿರೆಳೆದುಕೊಂಡ. "ಗದಗಿನ ಕಡೆ ಒಂದು ಹಳ್ಳಿ ದವಾಖಾನಿ. ಹೊರಗ ಸಾಲು ಹಚ್ಚಿದ ರೋಗಿಗಳಿಗೆ ನೆರಳು ಆಗ್ಲಿ ಅಂತ ಯಾರೋ ಕೊಟ್ಟಾರಂತ. ಅಲ್ಲೊಬ್ಬ ಆಯಾ ದಿನಾ ತಿರುವತಾಳ. ಮುಚ್ಚಳ ಬಿಚ್ಚಿ ನೋಡಿದೆ. ನನ್ನ ಪಿನ್ನು ಇರಲೇ ಇಲ್ರಿ ಅದರಾಗ."

"ಮತ್ತೆ?"

"ಯಾರೋ ಬದಲಿ ಮಾಡ್ಯಾರ. ಯಾವಾಗೋ, ಬಹಳ ಹಿಂದ. ದಪ್ಪನೆ ಪಿನ್ನು, ಎಷ್ಟು ಚಂದ ಹದ ಹಾಕ್ಯಾರ್ರಿ. ಅರ ಎಳದೆ, ಕಚ್ಚಲಿಲ್ಲ. ನಾನು ಹಾಕತಿದ್ದಕ್ಕಿಂತ ಚಲೋ ಐತಿ." ಮೌನೇಶ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ಯಾರಂತ ಅಲ್ಲಿ ಯಾರಿಗೂ ಗೊತ್ತಿಲ್ಲ. ನನ್ನ ಮೆತ್ತನ ಪಿನ್ನು ನೋಡಿದಾಂವ ನನ್ನಂಗ ಮುಚ್ಚಳ ಮುಚ್ಚಿ ಹೋಗಲಿಲ್ರಿ."

ಪೇಟೆಯ ಗದ್ದಲ ಸುತ್ತ ನಡೆದೇ ಇತ್ತು. ಬಿಸಿಲು ಸರಿದು ಬುಟ್ಟಿಯ ಅಂಚಿಗೆ ಬಿದ್ದಿತ್ತು. ಭಾಗೀರಥಿ ಅವನನ್ನು ಅಳಲು ಬಿಟ್ಟಳು. ಆಮೇಲೆ ಬಲಗೈಯನ್ನು, ಏಳು ವರ್ಷ ಸೆರಗಿನೊಳಗೆ ಮುಚ್ಚಿಟ್ಟುಕೊಂಡೇ ಇದ್ದ ಕೈಯನ್ನು, ಹೊರಗೆ ತೆಗೆದು ಅವನ ಹೆಗಲ ಮೇಲೆ ಇಟ್ಟಳು.

"ನೀವೂ ಮುಚ್ಚಿಟ್ಟು ಕೂತಿಲ್ಲ," ಎಂದಳು. "ಏಳಿ. ಬಿಸಿಲು ಬಂತು, ಛತ್ರಿ ಬಾಗಿಸಿ."

ಅವನು ಎದ್ದು ನನ್ನನ್ನು ಬಾಗಿಸಿದ. ಕ್ಷಮಿಸಿದೆ ಎಂಬ ಮಾತು ಅವಳ ಬಾಯಿಂದ ಎಂದೂ ಬರಲಿಲ್ಲ. ಅವನೂ ಎಂದೂ ಕೇಳಲಿಲ್ಲ.

ಆಮೇಲೆ ಮೀನುಪೇಟೆಗೆ ಕಾಂಕ್ರೀಟಿನ ಮಾಡು ಬಂತು, ಬಯಲಿನಲ್ಲಿ ಕೂರುವ ಅಗತ್ಯ ತಪ್ಪಿತು. ಮೌನೇಶನಿಗೆ ಕಣ್ಣು ಮಂಜಾಗಿ ಘಟ್ಟ ಇಳಿಯುವುದು ನಿಂತುಹೋಯಿತು. ಈಗ ನಾನು ಭಾಗೀರಥಿಯ ಮನೆಯ ಹಿಂದೆ, ಒಣಮೀನು ಹರಡುವ ಕಟ್ಟೆಯ ಪಕ್ಕ ಗೋಡೆಗೆ ಒರಗಿದ್ದೇನೆ. ಉಪ್ಪುಗಾಳಿಗೆ ಬಟ್ಟೆ ಚಿಂದಿಯಾಗಿದೆ, ಎರಡು ಕಡ್ಡಿ ಮುರಿದಿವೆ. ಪೆಟ್ಟಿಗೆಯೊಳಗೆ ಮಾತ್ರ ತುಕ್ಕು ಇಳಿದಿಲ್ಲ.

ಒಂದು ಕೈಯನ್ನು ಕೆಡಿಸಿದ ಪಾಪ ನನ್ನ ಮೇಲಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಾವು ನಲವತ್ತು ಇದ್ದೆವು. ಉಳಿದ ಮೂವತ್ತೊಂಬತ್ತು ಹಿಡಿಕೆಗಳನ್ನು ಎಷ್ಟೋ ವರ್ಷ ಎಷ್ಟೋ ಹೆಂಗಸರು, ಗಂಡಸರು ಬೆಳಿಗ್ಗೆ ಎದ್ದು ತಿರುಗಿಸಿ, ಸಂಜೆ ಹತ್ತು ಬೆರಳೊಂದಿಗೆ ಮನೆಗೆ ಹೋದರು. ತಮಗೆ ಯಾವುದು ಆಗದೆ ತಪ್ಪಿತು ಎಂಬುದು ಅವರಲ್ಲಿ ಒಬ್ಬರಿಗೂ ಗೊತ್ತಿಲ್ಲ.